ಏಳನೇ ಬೆಡ್ಡಿನ ಹಾಳೆ

ಫೆಬ್ರುವರಿ 11

ಕಿವೀ,

ಆ ಹೆಸರಿನಿಂದ ಕರೆಯುವ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ಏಳು ವರ್ಷವಾಯಿತು. ನಾವಿಬ್ಬರೂ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಕಿವಿ-ಬಾಯಿ ಬಂದ್ರಪ್ಪೋ, ಮೂಗೊಂದು ಸಿಕ್ಕಿಬಿಟ್ರೆ ಮುಖ ಪೂರ್ತಿ" ಎಂದು ನಮ್ಮ ಬ್ಯಾಚಿನವರು ನಗುತ್ತಿದ್ದರು. ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವವಳು ನೀನು, ಪ್ರೊಫೆಸರ ಮುಂದೆ ನಿಂತು ಅದನ್ನು ಹೇಳುವವಳು ನಾನು. ಆ ಬಾಯಿಯೇ ಈಗ ಬರೆಯುತ್ತಿರುವುದು.

ನೀನು ಎಲ್ಲಿದ್ದೀಯೆಂದು ಹೋದ ವಾರ ಗೊತ್ತಾಯಿತು. ನಮ್ಮ ಕ್ಲಿನಿಕ್ಕಿನ ನರ್ಸ್ ಮಗು ನೋಡಲು ಬಂದವಳು ತನ್ನ ಅತ್ತೆಯ ಹೃದಯದ ಸ್ಕ್ಯಾನ್ ವರದಿ ತೋರಿಸಿದಳು. ಕೆಳಗೆ ಹೃದಯ ತಜ್ಞರ ಅಗಲವಾದ ಸಹಿ. ಅದರ ಪಕ್ಕ ಇರುವೆ ಸಾಲಿನಂಥ ಅಕ್ಷರದಲ್ಲಿ, ಸ್ಕ್ಯಾನ್ ಮಾಡಿದವರು ಎಂದು ನಿನ್ನ ಹೆಸರು. ವರದಿ ಓದುವುದು ಬಿಟ್ಟು ಆ ಹೆಸರನ್ನೇ ನೋಡುತ್ತಾ ಕೂತೆ. "ಯಾಕೆ ಮೇಡಂ, ಅತ್ತೆಗೆ ಅಷ್ಟು ಜೋರಾಗಿದೆಯಾ?" ಎಂದು ಅವಳು ಗಾಬರಿಯಾದಳು.

ಮಗು ಎಂದೆನಲ್ಲ, ಹೌದು. ಮಗಳು, ಎರಡೂವರೆ ತಿಂಗಳು. ಹುಟ್ಟಿದಾಗ ನೋಡಿದ ಮಕ್ಕಳ ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದರು. ಆರನೇ ವಾರದ ಲಸಿಕೆಗೆ ಹೋದಾಗ, "ನೀವೇ ಡಾಕ್ಟರು, ನಿಮಗೆ ನಾನೇನು ಹೇಳೋದು, ದಿನಾ ನೋಡ್ತಾನೇ ಇರ್ತೀರಲ್ಲ" ಎಂದು ನಕ್ಕವರು ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆಯಲೇ ಇಲ್ಲ. ನಾನೂ ನಕ್ಕೆ. ಮನೆಗೆ ಬಂದು ನನ್ನದನ್ನು ಅವಳೆದೆಗೆ ಇಟ್ಟೆ. ಎಡಗಡೆ ಏನೋ ಸುಯ್ ಎಂದಂತಾಯಿತು. ಇನ್ನೊಮ್ಮೆ ಇಟ್ಟರೆ ಇಲ್ಲ. ಅವತ್ತಿನಿಂದ ದಿನಕ್ಕೆ ಎಷ್ಟು ಸಲ ಇಡುತ್ತೇನೋ ಲೆಕ್ಕವಿಲ್ಲ. ನಿದ್ದೆಯಂತೂ ನಮ್ಮ ಮನೆಯ ದಾರಿ ಮರೆತಿದೆ. ಕೇಳಿಸುವುದು ಅವಳ ಎದೆಯದೋ, ನಿದ್ದೆಗೆಟ್ಟ ನನ್ನ ಕಿವಿಯೊಳಗಿನದೋ ಗೊತ್ತಾಗದು.

"ಬೇಡ ಕಣೇ" ಅನ್ನುತ್ತಾಳೆ ಅಮ್ಮ, "ಒಳ್ಳೇ ಮಡಕೇನ ದಿನಕ್ಕೆ ನೂರು ಸಲ ತಟ್ಟಿ ನೋಡಿದ್ರೆ ಇಲ್ಲದ ಬಿರುಕೂ ಬಂದ್ಬಿಡುತ್ತೆ." ಇವರು, ನಮ್ಮ ಯಜಮಾನರು, ಲೆಕ್ಕದ ಮೇಷ್ಟ್ರು. "ಕೇಳಿಸ್ತಾ ಇದೆ ಅಥವಾ ಇಲ್ಲ. ಎರಡರಲ್ಲೊಂದು ಆಗಲೇಬೇಕಲ್ಲ? ಡಾಕ್ಟರಮ್ಮ ನೀನು, ನೀನೇ ಹೇಳು" ಅನ್ನುತ್ತಾರೆ.

ನನಗೆ ಹೇಳಲು ಬರುವುದಿಲ್ಲ ಕಣೇ. ಇದು ನಿನಗೊಬ್ಬಳಿಗೇ ಗೊತ್ತಿರುವ ವಿಷಯ. ಒಂದೂವರೆ ವರ್ಷ ನೀನು ಕೇಳಿದ್ದನ್ನು ನಾನು ಹೇಳಿದೆ. ನನ್ನ ಕಿವಿ ಏನನ್ನೂ ಕಲಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಅನುಮಾನ ಬಂದವರನ್ನೆಲ್ಲ ಸ್ಕ್ಯಾನಿಗೆ ಕಳಿಸಿ ಜಾಗರೂಕ ಡಾಕ್ಟರೆಂದು ಹೆಸರು ತೆಗೆದುಕೊಂಡಿದ್ದೇನೆ. ಮಗಳನ್ನು ಕಳಿಸಬೇಕೆಂದರೆ ಮಾತ್ರ ಕಾಲು ಏಳುವುದಿಲ್ಲ. ಯಾಕೆ ಎಂದು ಇವರು ಕೇಳುತ್ತಾರೆ. ಯಾಕೆ ಎಂದು ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

ತೂತಿರುವ ಹೃದಯದ ಸದ್ದು ಹೇಗಿರುತ್ತದೆ? ಕಾಗದದಲ್ಲಿ ಬರೆದು ಕಲಿಸಬಹುದಾ?

ನಿನ್ನ
ಬಾಯಿ


ಫೆಬ್ರುವರಿ 20

ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆಯೇ? ನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆಯೇ? ತೂಕ ಏರುತ್ತಿದೆಯೇ? ಮೊದಲ ಎರಡಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಎಂದಾದರೆ ಭಯಪಡಬೇಡ. ಒಂದೇ ಒಂದು ಉತ್ತರ ತಪ್ಪಿದರೂ ಅದೇ ದಿನ ಕರೆದುಕೊಂಡು ಬಾ. ನನ್ನ ಬಳಿಗಲ್ಲದಿದ್ದರೆ ಬೇರೆ ಕಡೆಗೆ ಹೋಗು. ಕಾರಣ ಯಾರಿಗೂ ಹೇಳಬೇಕಾಗಿಲ್ಲ. ಡಾಕ್ಟರಾದವಳಿಗೆ ಮಗುವಿನ ಬಗ್ಗೆ ಅನುಮಾನ ಬರುವುದು ಅವಮಾನವಲ್ಲ.

ಸದ್ದನ್ನು ಕಾಗದದಲ್ಲಿ ಕಲಿಸಲಾಗದು.

ನಿನ್ನ ಪತ್ರ ಬಂದ ದಿನವೇ ನಾನೂ ನಿನಗೆ ಬರೆಯಬೇಕೆಂದಿದ್ದೆ. ಕಾಲೇಜಿನಲ್ಲಿ ಒಂದು ಸಮಿತಿ ಮಾಡಿದ್ದಾರೆ. ಅಂಕಪಟ್ಟಿ ವಿಭಾಗದ ಗುಮಾಸ್ತೆ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಳ್ಳುತ್ತಿದ್ದರಲ್ಲ, ಅವರು ನಿವೃತ್ತಿಗೆ ಮೊದಲು ಹತ್ತು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರಂತೆ. ಥಿಯರಿ ಉತ್ತರ ಪತ್ರಿಕೆಯ ಮೇಲೆ ಬರೀ ನಂಬರು ಇರುತ್ತದೆ. ಅಲ್ಲಿ ಸೇತುವೆಯಾಚೆಯಿಂದ ಬಂದ ನಮ್ಮ ಜನದ ವಿದ್ಯಾರ್ಥಿಗಳು ನಿಮ್ಮವರಿಗೆ ಸಮ, ಕೆಲವು ವರ್ಷ ಒಂದು ಮೆಟ್ಟಿಲು ಮೇಲೆ. ರೋಗಿಯ ಬೆಡ್ಡಿನ ಪಕ್ಕ ನಿಂತು ಕೊಡುವ ಕ್ಲಿನಿಕಲ್ ಪರೀಕ್ಷೆಯಲ್ಲಿ ನಂಬರು ಇರುವುದಿಲ್ಲ, ಮುಖ ಇರುತ್ತದೆ. ಅಲ್ಲಿ ನಾವು ಪ್ರತಿ ವರ್ಷ ಕೆಳಗೆ. ಯಾರೋ ಒಬ್ಬ ಪರೀಕ್ಷಕನ ಕೆಲಸವಲ್ಲ. ಹತ್ತು ವರ್ಷ, ಇಪ್ಪತ್ತಮೂರು ಪರೀಕ್ಷಕರು. ಷರಾ ಮಾತ್ರ ಒಂದೇ ಕೈ ಬರೆದಂತಿದೆಯಂತೆ: "ಓದಿಕೊಂಡಿದ್ದಾರೆ. ಮುಂದೆ ಬರುವುದಿಲ್ಲ."

ನನ್ನಂತೆ ಮೂರು ಸಲ ಫೇಲಾಗಿ ಹೊರಬಿದ್ದವರಿಗೆ ಒಂದು ಅವಕಾಶ ಕೊಡುತ್ತಾರೆ. ಹೊರಗಿನ ಪರೀಕ್ಷಕರ ಮುಂದೆ ಇನ್ನೊಮ್ಮೆ ಕೂರಬಹುದು. ಆದರೆ ವಾರ್ಡಿನಲ್ಲಿ ನಿಜವಾಗಿ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಜೂನ್ ಮೂವತ್ತು ಕಡೆಯ ದಿನ. ಇಬ್ಬರಿಗೆ ಒಂದು ಬೆಡ್, ಒಂದು ವಾರ್ಡ್ ಪುಸ್ತಕ ಎಂಬುದು ನಮ್ಮ ಕಾಲದ ನಿಯಮ. ನಮ್ಮ ಪುಸ್ತಕ ನಿನ್ನ ಬಳಿ ಇದೆ.

ಅದನ್ನು ಸಮಿತಿಗೆ ಕಳಿಸುತ್ತೀಯಾ?

ಸ್ಕ್ಯಾನ್ ರೂಮು, ಎರಡನೇ ಮಹಡಿ


ಮಾರ್ಚ್ 9

ಕಿವೀ,

ಬೆವರುವುದಿಲ್ಲ. ಏದುಸಿರಿಲ್ಲ. ತೂಕ ಏರುತ್ತಿದೆ, ಅಮ್ಮನ ಪ್ರಕಾರ ಎತ್ತಿದವರ ತೋಳು ಬೀಳುವಷ್ಟು. ನಿನ್ನ ಮೂರು ಪ್ರಶ್ನೆಗಳನ್ನು ತೊಟ್ಟಿಲಿನ ತಲೆಯ ಕಡೆ ಅಂಟಿಸಿಕೊಂಡಿದ್ದೇನೆ.

ಪುಸ್ತಕ ಸಿಕ್ಕಿತು. ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಹಳೆಯ ಬಿಳಿ ಕೋಟಿನ ಕೆಳಗಿತ್ತು. ಕೋಟನ್ನು ಎತ್ತಿದಾಗ ಸ್ಪಿರಿಟ್ಟಿನ ವಾಸನೆ ಹೊಡೆಯಿತು. ಏಳು ವರ್ಷ ತೊಳೆಯದೆ ಇಟ್ಟಿದ್ದೆನೋ, ನನ್ನ ಮೂಗಿಗೇ ಹಾಗೆನಿಸಿತೋ.

ಪ್ರತಿ ಪುಟದಲ್ಲಿ ಐದು ಅಂಕಣ: ತಾರೀಖು, ಬೆಡ್, ಕಂಡದ್ದು, ಹೇಳಿದವರು, ಪ್ರೊಫೆಸರ ಸಹಿ. 'ಹೇಳಿದವರು' ಎಂಬಲ್ಲಿ ಮೇಲಿಂದ ಕೆಳಗಿನವರೆಗೆ ನನ್ನ ಹೆಸರೇ. 'ಕಂಡದ್ದು' ಎಂಬಲ್ಲಿ ಇರುವುದೂ ನನ್ನ ಅಕ್ಷರವೇ. ಅದರ ಕೆಳಗೆ ನಿನ್ನ ಪೆನ್ಸಿಲ್ ಇತ್ತೆಂದು ಯಾರಿಗೆ ಗೊತ್ತು? ನೀನು ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದೆ, ನಾನು ಅದನ್ನು ನೋಡಿಕೊಂಡು ಹೇಳುತ್ತಿದ್ದೆ, ಪ್ರೊಫೆಸರು "ಭೇಷ್" ಎಂದಮೇಲೆ ಅದರ ಮೇಲೇ ಶಾಯಿಯಲ್ಲಿ ತಿದ್ದಿ ರಬ್ಬರಿನಿಂದ ಉಜ್ಜುತ್ತಿದ್ದೆ. ಹಾಳೆಯ ಹಿಂಬದಿಗೆ ಬೆರಳಾಡಿಸಿದೆ. ನೀನು ಒತ್ತಿ ಬರೆಯುವವಳು. ಉಬ್ಬು ಇನ್ನೂ ಇದೆ.

ಅದು ಶುರುವಾದದ್ದು ನೆನಪಿದೆಯಾ? ಮೊದಲ ವಾರ, ಹನ್ನೊಂದನೇ ಬೆಡ್ಡಿನ ಅಜ್ಜ. ನೀನು ಎಷ್ಟು ಸರಿಯಾದ ಮಾತಿನಲ್ಲಿ ಕೆಮ್ಮಿನ ಬಗ್ಗೆ ಕೇಳಿದೆ. ಉಚ್ಚಾರ ಮಾತ್ರ ನಿಮ್ಮ ಮನೆಯದು. ಅಜ್ಜ ನನ್ನ ಕಡೆ ತಿರುಗಿ, "ಏನಂದ್ಳಮ್ಮಾ ಇವಳು? ನಮ್ಮೋರು ಯಾರೂ ಇಲ್ವಾ?" ಎಂದ. ಪ್ರೊಫೆಸರು ನಕ್ಕರು. ಕೆಟ್ಟ ನಗುವಲ್ಲ, ಮೊಮ್ಮಕ್ಕಳ ತೊದಲಿಗೆ ನಗುವಂಥದು. ನಿನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲವೆಂದು ಅವತ್ತೇ ನಿನಗೆ 'ಸೇತುವೆ' ಎಂದು ಹೆಸರಿಟ್ಟರು. "ಏ ಸೇತುವೆ, ಸ್ವಲ್ಪ ಹಿಂದೆ ನಿಲ್ಲಮ್ಮ, ಬೆಳಕಿಗೆ ಅಡ್ಡ ಬರ್ತಿದೀಯ." ಆಮೇಲೆ ಮೆಟ್ಟಿಲ ಮೇಲೆ ನೀನು ಒಬ್ಬಳೇ ಕೂತಿದ್ದೆ. ನಾನು ಹೆಗಲ ಮೇಲೆ ಕೈಯಿಟ್ಟು ಹೇಳಿದೆ: "ಬಿಡೇ. ನೀನು ಕೇಳು, ನಾನು ಹೇಳ್ತೀನಿ."

ಅದು ನನ್ನ ಒಳ್ಳೆಯತನ ಎಂದುಕೊಂಡಿದ್ದೆ. ವರ್ಷದ ಕೊನೆಗೆ ನನ್ನ ಹೆಸರಿನ ಮುಂದೆ "ವಾರ್ಡಿನಲ್ಲಿ ಅತ್ಯುತ್ತಮ" ಎಂದೂ ನಿನ್ನ ಹೆಸರಿನ ಮುಂದೆ "ಬಾಯಿ ಬಿಡುವುದಿಲ್ಲ" ಎಂದೂ ಷರಾ ಬಂದಾಗಲೂ ಹಾಗೇ ಅಂದುಕೊಂಡಿದ್ದೆ.

ಕಳಿಸುತ್ತೇನೆ. ಪುಸ್ತಕ ಹಳೆಯದಾಗಿದೆ, ಹೊಲಿಗೆ ಬಿಟ್ಟು ಕೆಲವು ಹಾಳೆಗಳು ಸಡಿಲವಾಗಿವೆ. ಅಂಚೆಯಲ್ಲಿ ಒಂದೆರಡು ಉದುರಿದರೂ ಹೇಳುವಂತಿಲ್ಲ. ಸರಿಮಾಡಿ ಕಳಿಸುತ್ತೇನೆ.

ಬಾಯಿ


ಮಾರ್ಚ್ 16

ಆ ಪುಸ್ತಕವನ್ನು ಹೊಲಿದವಳು ನಾನು. ದಾರ ಆಪರೇಷನ್ ಥಿಯೇಟರಿನದು. ಗಂಟು ಹೊಟ್ಟೆಯ ಗಾಯಕ್ಕೆ ಹಾಕುವಂಥದು. ಅದು ತಾನಾಗಿ ಬಿಡುವುದಿಲ್ಲ.

ಯಾವ ಹಾಳೆ ಎಂದು ನಾನು ಕೇಳುವುದಿಲ್ಲ.

ಮಗುವಿನ ತೂಕ ಬರೆದು ತಿಳಿಸು. ಎತ್ತಿದವರ ತೋಳು ಅಳತೆಯಲ್ಲ.

ಎರಡನೇ ಮಹಡಿ


ಮೇ 2

ಕಿವೀ,

ಆರು ಕಿಲೋ ಇನ್ನೂರು ಗ್ರಾಂ.

ಏಪ್ರಿಲ್ ಇಪ್ಪತ್ತೆರಡಕ್ಕೆ ಪುಸ್ತಕವನ್ನು ಸಮಿತಿಗೆ ಕಳಿಸಿದೆ. ಒಂದು ಹಾಳೆ ಬಿಟ್ಟು. ದಾರ ನೀನು ಹೇಳಿದ ಹಾಗೆಯೇ ಬಿಗಿಯಾಗಿತ್ತು. ಮಗುವಿನ ಉಗುರು ಕತ್ತರಿಸುವ ಕತ್ತರಿ ಹಾಕಿದೆ. ಅದು ಅಂಥ ಕೆಲಸಕ್ಕೆ ಮಾಡಿದ್ದಲ್ಲ. ಕಾಲು ಗಂಟೆ ಹಿಡಿಯಿತು. ಅಮ್ಮ ಅಡುಗೆಮನೆಯಿಂದ, "ಏನೇ ಅದು ಕರಕರ?" ಎಂದಳು. ಇಲಿ ಎಂದೆ.

ಹಾಳೆ ಇಲ್ಲೇ ಇದೆ. ಹರಿದು ಬಿಸಾಡಲೂ ಆಗಲಿಲ್ಲ, ಬಿಟ್ಟು ಕಳಿಸಲೂ ಆಗಲಿಲ್ಲ. ಮಗುವಿನ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಅವಳು ಅದರ ಮೇಲೇ ಮಲಗುತ್ತಾಳೆ.

ನೀನು ಕೇಳುವುದಿಲ್ಲ ಎಂದೆ. ನಾನೇ ಹೇಳುತ್ತೇನೆ. ಏಳನೇ ಬೆಡ್. ಒಂದೂವರೆ ವರ್ಷದ ಹೆಣ್ಣುಮಗು, ಕೆಮ್ಮು ಎಂದು ಸೇರಿಸಿದ್ದರು. ತಾಯಿ ಬಟ್ಟೆ ಹೊಲಿಯುವವಳು, ರವಿಕೆಯ ಅಂಚಿಗೆ ನಾಲ್ಕು ಸೂಜಿ ಚುಚ್ಚಿಕೊಂಡೇ ಬಂದಿದ್ದಳು. ನೀನು ಬಹಳ ಹೊತ್ತು ಕೇಳಿದೆ. ಅಂಗೈಯಿಟ್ಟೆ. ಮತ್ತೆ ಕೇಳಿದೆ. ಪೆನ್ಸಿಲಿನಲ್ಲಿ ಬರೆದೆ: "ಎಡ ಅಂಚಿನಲ್ಲಿ ಶಬ್ದ. ಅಂಗೈಗೆ ಕಂಪನ. ತೂತು ಇರಬಹುದು. ಸ್ಕ್ಯಾನ್ ಬೇಕು." ನಾನು ಇಟ್ಟು ನೋಡಿದೆ. ನನಗೆ ಕೇಳಿಸಿದ್ದು ಕೆಮ್ಮು ಮಾತ್ರ.

ಪ್ರೊಫೆಸರು ಬಂದರು. ಎಲ್ಲಿಗೋ ಹೋಗುವ ಅವಸರ. ಎರಡು ಕ್ಷಣ ಇಟ್ಟು ತೆಗೆದು, "ಕೆಮ್ಮು ಇಳಿದಿದೆ. ಹಾರ್ಟ್ ನಾರ್ಮಲ್. ಅಲ್ವೇನಮ್ಮಾ?" ಎಂದು ನನ್ನ ಕಡೆ ನೋಡಿದರು. ನೀನು ಹಿಂದಿನಿಂದ ನನ್ನ ಮೊಣಕೈ ಚಿವುಟಿದೆ. ನಾನು "ಹೌದು ಸರ್" ಎಂದೆ. ಶಾಯಿಯಲ್ಲಿ "ಹೃದಯ ಸಹಜ" ಎಂದು ಬರೆದೆ. ಅವರು ಸಹಿ ಹಾಕಿದರು. ರಬ್ಬರ್ ಕೊಡು ಎಂದು ಕೈ ಚಾಚಿದರೆ ನೀನು ಅದನ್ನು ನಿನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಕೊಡಲೇ ಇಲ್ಲ. ಆ ಒಂದು ಹಾಳೆಯಲ್ಲಿ ಮಾತ್ರ ನಿನ್ನ ಪೆನ್ಸಿಲ್ ಉಳಿದುಬಿಟ್ಟಿದೆ.

ಹೆದರಿ ಹಾಗೆ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಒಂದೂವರೆ ವರ್ಷ ನಿನ್ನ ಕಿವಿಯನ್ನು ಕಣ್ಣುಮುಚ್ಚಿ ನಂಬಿದ್ದೆ. ನಿನ್ನ ಮಾತು ಒಂದು ಕಡೆ, ಅವರ ಮಾತು ಒಂದು ಕಡೆ ಆದ ಆ ಒಂದು ಗಳಿಗೆಯಲ್ಲಿ, ನೀನು ಯಾವ ಕಡೆಯವಳು ಎಂಬುದು ನನಗೆ ನೆನಪಾಯಿತು. ಇವಳಿಗೆ ಅಷ್ಟೆಲ್ಲ ಎಲ್ಲಿ ಗೊತ್ತು ಅನಿಸಿತು. ಆ ಅಜ್ಜನಿಗೆ ಅನಿಸಿದಂತೆಯೇ.

ಮನೆಗೆ ಕಳಿಸುವ ದಿನ ಆ ತಾಯಿ ಕೇಳಿದಳು, "ಎಲ್ಲ ಸರಿ ಇದೆಯಾ ಡಾಕ್ಟರಮ್ಮಾ?" ನಾನು ಇನ್ನೂ ಡಾಕ್ಟರಾಗಿರಲಿಲ್ಲ. "ಏನೂ ಇಲ್ಲ, ಆರಾಮಾಗಿ ಹೋಗಿ ಬನ್ನಿ" ಎಂದೆ.

ಆ ಹಾಳೆ ಹೋದರೆ ನಿನಗೆ ನಷ್ಟವಿಲ್ಲ, ಉಳಿದ ಎಂಬತ್ತು ಪುಟ ಇದೆಯಲ್ಲ ಎಂದುಕೊಂಡೆ. ಅದರಲ್ಲಿ ಏನಿದೆಯೆಂದು ಹೇಳದೆ ಕೇಳಿದ್ದಕ್ಕೆ ಇವರೂ ಹಾಗೇ ಅಂದರು. ಮುಂದಿನ ತಿಂಗಳು ನಾನು ಕ್ಲಿನಿಕ್ಕಿಗೆ ವಾಪಸು ಹೋಗಬೇಕು. ಆ ಮಗುವಿಗೆ ಈಗ ಎಂಟು ವರ್ಷ ತುಂಬಿರಬೇಕು. ಎಲ್ಲೋ ಶಾಲೆಗೆ ಹೋಗಿಕೊಂಡು ಚೆನ್ನಾಗಿರುತ್ತಾಳೆ, ಅಲ್ವೇನೇ? ಹಾಗೆಂದು ಒಂದು ಸಾಲು ಬರೆ.

ನಾನು


ಮೇ 28

ಸಮಿತಿ ನನ್ನನ್ನು ಕರೆದಿತ್ತು. ಪುಸ್ತಕ ಮೇಜಿನ ಮೇಲಿತ್ತು. ಪ್ರತಿ ಪುಟದಲ್ಲೂ ನಿನ್ನ ಶಾಯಿ, ನಿನ್ನ ಹೆಸರು. ಕೆಳಗೆ ನನ್ನ ಪೆನ್ಸಿಲ್ ಇತ್ತು ಎಂದೆ. ಹಿಂಬದಿಯ ಉಬ್ಬು ಮುಟ್ಟಿ ನೋಡಿ ಎಂದೆ. ಸಮಿತಿಯಲ್ಲಿರುವ ಹೆಂಗಸು ಒಳ್ಳೆಯವರು, ಕಣ್ಣುಮುಚ್ಚಿ ಮುಟ್ಟಿ ನೋಡಿದರು. "ಒತ್ತು ಇದೆಯಮ್ಮ. ಯಾರದು ಅಂತ ಹೇಗೆ ಹೇಳೋದು? ಇಬ್ಬರೂ ಒಂದೇ ಮಾತು ಬರೆದಿದ್ದರೆ ಒಬ್ಬರದು ಇನ್ನೊಬ್ಬರು ನಕಲು ಮಾಡಿದ್ದೂ ಆಗಿರಬಹುದು. ನೀನು ಬೇರೆ ಕಂಡು, ಇವಳು ಬೇರೆ ಹೇಳಿದ್ದು ಒಂದೇ ಒಂದು ಕಡೆ ಇದ್ದರೆ ಸಾಕಿತ್ತು" ಎಂದರು.

ಆಮೇಲೆ ಪುಟ ತಿರುವಿ, "ನಲವತ್ತರ ನಂತರ ನಲವತ್ತಮೂರು ಬಂದಿದೆ. ನಡುವಿನದು ಎಲ್ಲಿ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ನಿನ್ನ ಮುಂದೆ ಬಾಯಿ ಮುಚ್ಚಿಕೊಳ್ಳುವುದು ಎಷ್ಟು ಅಭ್ಯಾಸವಾಗಿಹೋಗಿದೆ ನೋಡು. ನೀನು ಆ ಕೋಣೆಯಲ್ಲಿ ಇರಲೇ ಇಲ್ಲ.

ಇನ್ನು ಆ ಒಂದು ಸಾಲು. ಅದನ್ನು ಬರೆಯಲಾರೆ.

ಹೋದ ಡಿಸೆಂಬರಿನಲ್ಲಿ ಅವಳು ನನ್ನ ಸ್ಕ್ಯಾನ್ ರೂಮಿಗೆ ಬಂದಳು. ನಾನು ಗುರುತು ಹಿಡಿಯಲಿಲ್ಲ. ತಾಯಿ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಬಟ್ಟೆಯ ಚೀಲಕ್ಕೆ ಸೂಜಿಯಿಂದ ಚುಚ್ಚಿ ಇಟ್ಟುಕೊಂಡಿದ್ದಳು. ಏಳನೇ ಬೆಡ್, ಹೃದಯ ಸಹಜ, ನಿನ್ನ ಅಕ್ಷರ. ಹುಡುಗಿ ಒಂದು ಮಹಡಿ ಹತ್ತಲು ಮೂರು ಸಲ ಕೂತಿದ್ದಾಳೆ. ತುಟಿ, ಉಗುರು ಎರಡೂ ನೀಲಿ. ನಾನು ಸ್ಕ್ಯಾನಿಗೆ ಮೊದಲು ಅಭ್ಯಾಸಬಲದಿಂದ ಎದೆಗೆ ಕಿವಿಯಿಟ್ಟೆ. ಅವತ್ತಿನ ಶಬ್ದ ಈಗ ಇಲ್ಲ. ನಿಂತುಹೋಗಿದೆ.

ನಿನಗೆ ಪಠ್ಯಪುಸ್ತಕದಿಂದ ಗೊತ್ತಿರಬೇಕು. ದೊಡ್ಡ ತೂತಿನಿಂದ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ನಾಳಗಳು ಗಟ್ಟಿಯಾಗುತ್ತವೆ. ಎರಡೂ ಕಡೆಯ ಒತ್ತಡ ಸಮವಾದ ದಿನ ಶಬ್ದ ಅಡಗುತ್ತದೆ. ಅಡಗಿದ ಮೇಲೆ ಆಪರೇಷನ್ ಮಾಡುವ ಹಾಗಿಲ್ಲ. ಮಾಡಿದರೆ ಮಗು ಉಳಿಯುವುದಿಲ್ಲ. ಮಾತ್ರೆ ಕೊಡುತ್ತಾರೆ. ಎಷ್ಟು ವರ್ಷ ಎಂದು ಯಾರೂ ಹೇಳುವುದಿಲ್ಲ.

"ಮೊದಲೇ ಯಾರೂ ಹೇಳಲಿಲ್ವಾ?" ಎಂದು ತಜ್ಞರು ಕೇಳಿದರು. ತಾಯಿ, "ಒಬ್ರು ಹುಡುಗಿ ಡಾಕ್ಟ್ರು ಏನೂ ಇಲ್ಲ ಅಂದಿದ್ರು ಸ್ವಾಮಿ. ನಗ್ತಾ ಹೇಳಿದ್ರು" ಎಂದಳು.

ನೀನು ಹಾಲೂಡಿಸುವವಳು ಎಂದು ಇದನ್ನು ಬರೆಯದೆ ಇದ್ದೆ. ನೀನೇ ಕೇಳಿದೆ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಅವತ್ತು ನಾನು ಬಾಯಿ ತೆರೆದಿದ್ದೆ. "ಸರ್" ಎಂದೆ. "ನಿನ್ನ ಸರದಿ ಬರಲಿ ಸೇತುವೆ" ಎಂದರು. ನಾನು ಸುಮ್ಮನಾದೆ. ರಬ್ಬರನ್ನು ಜೇಬಿಗೆ ಹಾಕಿಕೊಂಡು ಏನೋ ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಆ ರಬ್ಬರ್ ಇನ್ನೂ ನನ್ನ ಬಳಿ ಇದೆ.

ಕಡೆಯ ದಿನ ಜೂನ್ ಮೂವತ್ತು. ಆ ಒಂದು ಹಾಳೆಯಿಲ್ಲದೆ ನನಗೆ ಬೇರೆ ದಾರಿಯಿಲ್ಲ.

ಎರಡನೇ ಮಹಡಿ


ಜೂನ್ 4

ಹಾಳೆಯನ್ನು ಅಂಚೆಗೆ ಹಾಕಲಿಲ್ಲ. ನಿನ್ನೆ ನಾನೇ ಹೋಗಿ ಕೊಟ್ಟುಬಂದೆ. ಮಗು ತೋಳಿನಲ್ಲಿತ್ತು. ಜೊತೆಗೆ ಇಟ್ಟ ಹೇಳಿಕೆಯಲ್ಲಿ ನಾಲ್ಕೇ ಸಾಲು: "ಪೆನ್ಸಿಲಿನಲ್ಲಿ ಇರುವುದು ನನ್ನ ಜೋಡಿ ಕಂಡದ್ದು. ಶಾಯಿಯಲ್ಲಿ ಇರುವುದು ನಾನು ಹೇಳಿದ್ದು. ಪೆನ್ಸಿಲ್ ಸರಿಯಾಗಿತ್ತು. ಈ ಪುಸ್ತಕದಲ್ಲಿ ನನ್ನ ಹೆಸರಿನಲ್ಲಿರುವ ಪ್ರತಿಯೊಂದೂ ಅವಳು ಕೇಳಿದ್ದು."

ಬರುತ್ತೇನೆಂದು ಮೊದಲೇ ತಿಳಿಸಿದ್ದರಿಂದ ಪ್ರೊಫೆಸರನ್ನೂ ಕರೆಸಿದ್ದರು. ಕೋಲು ಹಿಡಿದಿದ್ದಾರೆ ಈಗ. ನನ್ನನ್ನು ಕಂಡು ಮುಖ ಅರಳಿತು. "ಓಹೋ, ನಮ್ಮ ಹುಡುಗಿ! ಇದು ನನ್ನ ಮೊಮ್ಮಗಳಾ?" ಎಂದು ಅವಳ ಕೆನ್ನೆ ಮುಟ್ಟಿದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಸಹಿ ನನ್ನದೇ" ಎಂದರು. ಆಮೇಲೆ ನನಗೆ ಮಾತ್ರ ಕೇಳಿಸುವ ಹಾಗೆ, "ಆ ಇನ್ನೊಂದು ಹುಡುಗಿ ನನಗೆ ನೆನಪೇ ಆಗ್ತಿಲ್ಲ ನೋಡಮ್ಮ. ನೀನು ಚೆನ್ನಾಗಿ ನೆನಪಿದೀಯ" ಎಂದರು. ಆ ಮರೆವು ವಯಸ್ಸಿನದೋ ಬೇರೆಯದೋ, ನನಗೆ ತಿಳಿಯಲಿಲ್ಲ. ಇಂಥದನ್ನೆಲ್ಲ ಗುರುತಿಸುತ್ತಿದ್ದವಳು ನೀನು.

ಕ್ಲಿನಿಕ್ಕಿನವರಿಗೂ ನಾನೇ ತಿಳಿಸಿದೆ, ತೀರ್ಮಾನವಾಗುವವರೆಗೂ ಬರಬೇಡಿ ಎಂದಿದ್ದಾರೆ. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಆದರೆ ಊಟಕ್ಕೆ ಕರೆಯಲು ಮಾತ್ರ ಪಾತ್ರೆ ಕುಟ್ಟುತ್ತಾಳೆ. ಇವರಿಗೆ ಎಲ್ಲವನ್ನೂ ಹೇಳಿದೆ. ನಿನ್ನೆ ರಾತ್ರಿ ತೊಟ್ಟಿಲು ತೂಗಿದ್ದು ಇವರೇ.

ಹಾಸಿಗೆಯ ಕೆಳಗೆ ಈಗ ಏನೂ ಇಲ್ಲ. ಅವಳು ಮಲಗಿದಾಗ ಕಾಗದ ಸರಪರ ಅನ್ನುವ ಸದ್ದು ಮಾತ್ರ ಹೋಗಿಲ್ಲ.

ನಾನು


ಜೂನ್ 19

ಆಗಸ್ಟ್ ಎಂಟಕ್ಕೆ ಪರೀಕ್ಷೆ ಕೊಟ್ಟಿದ್ದಾರೆ. ಮೂರು ಬೆಡ್, ಇಬ್ಬರು ಹೊರಗಿನವರು.

ಬರುವ ಮಂಗಳವಾರ ಹತ್ತು ಗಂಟೆಗೆ ಮಗುವನ್ನು ಕರೆತಾ. ಹಾಲು ಕುಡಿಸಿಕೊಂಡು ಬಾ, ಅತ್ತರೆ ಏನೂ ಕಾಣುವುದಿಲ್ಲ. ಒಂದೇ ಷರತ್ತು. ನಾನು ಕೇಳುತ್ತೇನೆ. ನಾನೇ ಹೇಳುತ್ತೇನೆ.

ಕಿವಿ


ಆಗಸ್ಟ್ 7

ಕಿವೀ,

ನಾಳೆ ಒಂಬತ್ತಕ್ಕೆ ನಿನ್ನ ಪರೀಕ್ಷೆ. ಈ ಕಾಗದ ಅದಕ್ಕೆ ಮೊದಲು ತಲುಪುವುದಿಲ್ಲ. ತಲುಪದಿರಲಿ ಎಂದೇ ಇವತ್ತು ಬರೆಯುತ್ತಿದ್ದೇನೆ. ನಾಳೆ ನಿನ್ನ ಕಿವಿಯಲ್ಲಿ ನನ್ನ ಮಾತು ಇರಬಾರದು.

ಆ ಮಂಗಳವಾರ ನೀನು ಬಾಯಿ ಬಿಟ್ಟು ಹೇಳಿದೆಯಲ್ಲ, ತಜ್ಞರು ಬಂದು ನಿಂತಾಗ, ಅವರು ಕೇಳುವ ಮೊದಲೇ: "ಸಣ್ಣ ತೂತು, ಸರ್. ಮೂರು ಮಿಲಿಮೀಟರ್. ಒತ್ತಡ ಸರಿಯಿದೆ. ತಾನೇ ಮುಚ್ಚಿಕೊಳ್ಳುತ್ತೆ." ಅವರು ಸ್ಕ್ಯಾನಿನ ತೆರೆ ನೋಡಿ, "ಹ್ಞಾ, ಸರಿ" ಎಂದರು. ನಿನ್ನ ದನಿ ಅಷ್ಟು ಗಟ್ಟಿ ಎಂದು ನನಗೆ ಗೊತ್ತೇ ಇರಲಿಲ್ಲ. ಉಚ್ಚಾರ ನಿಮ್ಮ ಮನೆಯದೇ. ಒಂದಕ್ಷರವೂ ತಪ್ಪಿಹೋಗದಂತೆ ಅರ್ಥವಾಯಿತು. ಅದು ಯಾವತ್ತೂ ಅರ್ಥವಾಗುತ್ತಿತ್ತು.

ಆಮೇಲೆ ನೀನು ನನ್ನ ಕಿವಿಗೆ ಸ್ಟೆತಸ್ಕೋಪ್ ಇಟ್ಟು, ನನ್ನ ಕೈಮೇಲೆ ಕೈಯಿಟ್ಟು, ಅವಳೆದೆಯ ಮೇಲೆ ಅರ್ಧ ಬೆರಳು ಕೆಳಗೆ ಸರಿಸಿದೆ. "ಹೊಡೆತ ಕೇಳಬೇಡ. ಎರಡು ಹೊಡೆತದ ನಡುವೆ ಕೇಳು" ಎಂದೆ. ಕೇಳಿಸಿತು. ಬಾಗಿಲ ಸಂದಿಯಿಂದ ಗಾಳಿ ನುಗ್ಗುವ ಹಾಗೆ. ಮೂವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ.

ಹೋದ ವಾರ ಮಗಳನ್ನು ಎತ್ತಿಕೊಂಡು ಆ ತಾಯಿಯ ಹೊಲಿಗೆ ಅಂಗಡಿಗೆ ಹೋಗಿದ್ದೆ. ಸಮಿತಿಯವರು ಅವಳಿಗೆ ಆಗಲೇ ಕಾಗದ ಕಳಿಸಿದ್ದರು. ನಾನು ಯಾರೆಂದು ಹೇಳಬೇಕಾಗಿಯೂ ಇರಲಿಲ್ಲ. ಹುಡುಗಿ ಮೆಟ್ಟಿಲ ಮೇಲೆ ಕೂತು ತಾಯಿಯ ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಇಡುತ್ತಿದ್ದಳು. ಉಗುರಿನ ಬಣ್ಣ ನೋಡದೆ ಇರಲು ಪ್ರಯತ್ನಪಟ್ಟೆ. ತಪ್ಪು ನನ್ನದು ಎಂದೆ. ಹೊಲಿಗೆ ಯಂತ್ರ ನಿಂತಿತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಅವತ್ತು ನಿಮ್ಮ ಜೊತೆ ಇನ್ನೊಬ್ಬಳಿದ್ದಳಲ್ಲ? ಬಹಳ ಹೊತ್ತು ಕಿವಿ ಇಟ್ಟಿದ್ದಳು. ಮಗು ಅಳ್ತಾ ಇತ್ತು. 'ಸಾಕು ಬಿಡಮ್ಮಾ, ನಿಂಗೇನು ತಿಳಿಯುತ್ತೆ, ಆ ಡಾಕ್ಟರಮ್ಮ ನೋಡ್ತಾಳೆ' ಅಂತ ನಾನೇ ಅವಳ ಕೈ ತಳ್ಳಿದೆ."

ಅಷ್ಟು ಹೇಳಿ ಅವಳು ಮತ್ತೆ ಯಂತ್ರ ತುಳಿಯಲಿಲ್ಲ. ಹುಡುಗಿ ಮಾತ್ರ ನನ್ನ ಮಗಳ ಪಾದವನ್ನು ಒಂದು ಬೆರಳಿನಿಂದ ಮುಟ್ಟಿ, "ಇವಳು ಓಡ್ತಾಳಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ನನ್ನ ಮಗಳ ಎದೆಯ ಆ ಶಬ್ದ ಒಂದು ದಿನ ನಿಲ್ಲುತ್ತದೆ, ನಿಂತರೆ ತೂತು ಮುಚ್ಚಿತೆಂದು ಲೆಕ್ಕ, ಸಂತೋಷಪಡು ಎಂದೆಯಲ್ಲ. ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಒಂದೇ ಒಂದು ಸಲ ಇಟ್ಟು ಕೇಳುತ್ತೇನೆ. ಇದೆ. ಅಮ್ಮ ಬಾಗಿಲಲ್ಲಿ ನಿಂತು ಹುಬ್ಬು ಎತ್ತುತ್ತಾಳೆ. ನಾನು ತಲೆಯಾಡಿಸುತ್ತೇನೆ. ಇದೆ.

ಏಳನೇ ಬೆಡ್ಡಿನವಳ ಎದೆಯಲ್ಲೂ ಅದು ಹೀಗೆಯೇ ಇತ್ತು, ಯಾವುದೋ ಒಂದು ಬೆಳಿಗ್ಗೆ ನಿಂತಿತು. ಅವತ್ತು ಅವಳ ತಾಯಿ ಎಂದಿನಂತೆ ಬಟ್ಟೆ ಹೊಲಿಯುತ್ತಿದ್ದಿರಬೇಕು. ಮುಚ್ಚಿಕೊಂಡ ಹೃದಯವೂ ಸುಮ್ಮನಿರುತ್ತದೆ, ಕೈಬಿಟ್ಟ ಹೃದಯವೂ ಸುಮ್ಮನಿರುತ್ತದೆ. ನನ್ನ ಕಿವಿಗೆ ಎರಡೂ ಒಂದೇ.

ಇವಳದು ನಿಂತ ದಿನ ನಾನು ಸಂತೋಷಪಡುವುದಿಲ್ಲ ಕಣೇ. ಇವಳನ್ನು ಎತ್ತಿಕೊಂಡು, ನೀನು ಎಲ್ಲಿದ್ದರೆ ಅಲ್ಲಿಗೆ, ಬಿಳಿ ಕೋಟಿನಲ್ಲಿರಲಿ ಎರಡನೇ ಮಹಡಿಯಲ್ಲಿರಲಿ, ಬರುತ್ತೇನೆ. ನೀನು ಹೇಳುವವರೆಗೂ ಬಾಯಿ ಬಿಡದೆ ನಿಂತಿರುತ್ತೇನೆ.

ಮಗುವಿನ ತಾಯಿ